ಕಂಪನಿ ಮುಚ್ಚಿತು, ಬೋಟು ಉಳಿಯಿತು

ತಯಾರಿಸಿದ ಕಂಪನಿಯೇ ಮುಚ್ಚಿಹೋದ ಹಳೆಯ ಫೈಬರ್‌ಗ್ಲಾಸ್ ಮೋಟಾರ್‌ಬೋಟನ್ನು ಕೊಂಡು ಸರಿಮಾಡಲೆಂದು ನೋಡಲು ಹೋದವರ ಕಣ್ಣು ಮೊದಲು ಬಣ್ಣದ ಮೇಲೆ ಬೀಳುತ್ತದೆ, ಆಮೇಲೆ ಸೀಟಿನ ಮೇಲೆ, ಕೊನೆಗೆ ಎಂಜಿನ್ ಮೇಲೆ. ಈ ಮೂರನ್ನೂ ನಿಧಾನವಾಗಿ ಸರಿಮಾಡಿಕೊಳ್ಳಬಹುದು. ದುಡ್ಡು, ದುಡಿಮೆ ಎರಡನ್ನೂ ನುಂಗುವುದು ಕಣ್ಣಿಗೆ ಬೀಳದ ಮರ. ಫೈಬರ್ ಚಿಪ್ಪು ಐವತ್ತು ವರ್ಷವಾದರೂ ಗಟ್ಟಿಯಾಗಿಯೇ ಇರುತ್ತದೆ; ಅದರ ಹೊಟ್ಟೆಯೊಳಗೆ ಸುತ್ತಿಟ್ಟ ಪ್ಲೈವುಡ್ ಮಾತ್ರ ಒಂದೊಂದು ಸ್ಕ್ರೂ ತೂತಿನಿಂದಲೂ ನೀರು ಕುಡಿದು ಒಳಗೊಳಗೇ ಗೊಬ್ಬರವಾಗಿರುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಇಂಥ ಬೋಟುಗಳನ್ನು ನೋಡಿಯೇ ಹುಟ್ಟಿದಂತಿದೆ.

ಮರ ಇರುವುದು ಮುಖ್ಯವಾಗಿ ಮೂರು ಕಡೆ. ಔಟ್‌ಬೋರ್ಡ್ ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್; ತಳದ ಉದ್ದಕ್ಕೂ ಮುಂದಿನಿಂದ ಹಿಂದಕ್ಕೆ ಹೋಗುವ ಸ್ಟ್ರಿಂಗರ್ ತೊಲೆಗಳು; ಅವುಗಳ ಮೇಲೆ ಕೂತ ನೆಲಹಲಗೆ. ನೆಲ ಕಾಲಿಗೆ ಮೆತ್ತಗೆ ಸಿಕ್ಕರೆ ಅದೊಂದೇ ಹಾಳಾಗಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ನೆಲದ ಕೆಳಗೆ ವರ್ಷಗಟ್ಟಲೆ ನೀರು ನಿಂತಿದ್ದಕ್ಕೇ ನೆಲ ಮೆತ್ತಗಾಗಿರುವುದು. ಸ್ಟ್ರಿಂಗರ್ ಅದೇ ನೀರಿನಲ್ಲಿ ಕಾಲಿಟ್ಟುಕೊಂಡು ನಿಂತಿದೆ.

ಪರೀಕ್ಷೆಗೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಸಾಕು, ಸ್ಕ್ರೂಡ್ರೈವರಿನ ಹಿಡಿಯಾದರೂ ನಡೆದೀತು. ಟ್ರಾನ್ಸಮ್ ಮೇಲೆ ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಕ್ ಟಕ್ ಎನ್ನುತ್ತದೆ, ಕೊಳೆತ ಜಾಗ ಡಬ್ ಎಂದು ಅಲ್ಲಿಗೇ ಸುಮ್ಮನಾಗುತ್ತದೆ. ಆಮೇಲೆ ಎಂಜಿನ್ನಿನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಜಗ್ಗಿ. ಇನ್ನೊಬ್ಬರು ಟ್ರಾನ್ಸಮ್ಮಿನ ಮೇಲಂಚಿನ ಮೇಲೆ ಕಣ್ಣಿಟ್ಟಿರಲಿ. ಅಂಚು ಬಾಗಿದ್ದು ಕಣ್ಣಿಗೆ ಕಂಡರೆ ಆ ಮರದ ಕಥೆ ಮುಗಿದಿದೆ.

ಇನ್ನೂ ಅನುಮಾನವಿದ್ದರೆ ಕೊರೆದೇ ನೋಡಬೇಕು, ಮಾರುವವರ ಒಪ್ಪಿಗೆ ಪಡೆದು. 5 ಮಿ.ಮೀ. ಬಿಟ್ಟಿಗೆ 30 ಮಿ.ಮೀ. ಗುರುತಿನಲ್ಲಿ ಟೇಪ್ ಸುತ್ತಿ, ಹೊರಚರ್ಮ ತೂರದ ಹಾಗೆ ಒಳಬದಿಯಿಂದ ಕೊರೆಯಿರಿ: ನೀರು ಬಸಿಯುವ ಪ್ಲಗ್ಗಿನ ಪಕ್ಕ ಒಂದು, ಎಂಜಿನ್ ಬೋಲ್ಟುಗಳ ಕೆಳಗೆ ಒಂದು, ಎರಡು ಕೆಳಮೂಲೆಗಳಲ್ಲಿ ಒಂದೊಂದು. ಮೊದಲು ಬಿಳಿ ಪುಡಿ ಬರುತ್ತದೆ, ಅದು ಫೈಬರ್. ಅದರ ಹಿಂದೆ ಮರದ ಹೊಟ್ಟು. ಹೊಟ್ಟು ತಿಳಿಕಂದು ಬಣ್ಣಕ್ಕಿದ್ದು, ಬೆರಳಲ್ಲಿ ತಿಕ್ಕಿದರೆ ಉದುರಿಹೋದರೆ ಬಚಾವ್. ಕಪ್ಪಗೆ ಕೆಸರಿನಂತೆ ಬಿಟ್ಟಿನ ಸುರುಳಿಗೆ ಮೆತ್ತಿಕೊಂಡು, ಮುಗ್ಗಲು ವಾಸನೆಯೊಂದಿಗೆ ಬಂದರೆ ಇಡೀ ಟ್ರಾನ್ಸಮ್ ಬದಲಾಗಬೇಕು. ಕೆಲವೊಮ್ಮೆ ತೂತಿನಿಂದ ನೀರೇ ಒಸರುತ್ತದೆ. ಎರಡು ತೂತು ಒಣ, ಎರಡು ಒದ್ದೆ ಬಂದರೂ ತೀರ್ಮಾನ ಅದೇ. ತೇಪೆ ಹಾಕಿದ ಟ್ರಾನ್ಸಮ್ ಮೇಲೆ ನೂರು ಕಿಲೋ ಎಂಜಿನ್ ತೂಗುಹಾಕುವ ಧೈರ್ಯ ಯಾರಿಗೂ ಬೇಡ. ನೋಡಿಯಾದ ಮೇಲೆ ಪ್ರತಿ ತೂತಿಗೂ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು, ತುಂಬಿ.

ಫೈಬರಿನ ಮೇಲಿನ ಹೊಳಪಿನ ಹೊರಪದರ, ಅಂದರೆ ಜೆಲ್‌ಕೋಟಿನ ಬಿರುಕುಗಳನ್ನೂ ಓದಲು ಬರಬೇಕು. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಅಲ್ಲಿ ಏನೋ ಬಡಿದಿದೆ, ಅಷ್ಟೇ. ಮೂಲೆಯೊಂದರಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಗೆರೆಗಳಿದ್ದರೆ ಆ ಜಾಗ ಬಾಗುತ್ತಿದೆ, ಹಿಂದಿನ ಆಧಾರ ಹೋಗಿದೆ. ಮೇಲೆ ಎಷ್ಟು ತುಂಬಿ ಬಣ್ಣ ಬಳಿದರೂ ಅದೇ ಗೆರೆ ಮತ್ತೆ ಬರುತ್ತದೆ.

ಅನಾಥ ಬೋಟಿನ ಬಿಡಿಭಾಗ

ತಯಾರಕರು ಇಲ್ಲ ಎಂಬುದು ಕೇಳಿದಾಗ ಅನಿಸುವಷ್ಟು ದೊಡ್ಡ ತೊಂದರೆಯಲ್ಲ. ಬೋಟ್ ಕಂಪನಿಗಳು ಸಾಮಾನ್ಯವಾಗಿ ತಾವೇ ಮಾಡುತ್ತಿದ್ದದ್ದು ಒಡಲು, ಡೆಕ್, ಡ್ಯಾಶ್‌ಬೋರ್ಡ್, ಲಾಂಛನ ಇಷ್ಟನ್ನೇ. ಹಗ್ಗ ಕಟ್ಟುವ ಕ್ಲೀಟ್, ದೀಪ, ಸ್ಟಿಯರಿಂಗ್, ಕೇಬಲ್, ಅಂಚಿನ ರಬ್‌ರೈಲ್ ಇವೆಲ್ಲ ಬೇರೆ ಕಂಪನಿಗಳಿಂದ ಕೊಂಡು ಕೂರಿಸಿದವು. ಆದ್ದರಿಂದ ಬೋಟಿನ ಹೆಸರು ಹಿಡಿದು ಹುಡುಕಬೇಡಿ. ಭಾಗವನ್ನು ಬಿಚ್ಚಿ, ತಿರುಗಿಸಿ, ಹಿಂಬದಿಯ ಅಚ್ಚು ಓದಿ. ಸ್ಟಿಯರಿಂಗ್ ಕೇಬಲಿನ ಉದ್ದ, ನಮೂನೆ ಎರಡೂ ಸಾಮಾನ್ಯವಾಗಿ ಅದರ ಹೊರಕವಚದ ಮೇಲೇ ಅಚ್ಚಾಗಿರುತ್ತವೆ. ಹಳೆಯ ಟೆಲಿಫ್ಲೆಕ್ಸ್ ಹೆಸರಿನ ಸ್ಟಿಯರಿಂಗ್ ಮುಂದೆ ಸೀಸ್ಟಾರ್ ಎಂದಾಗಿ ಈಗ ಡೊಮೆಟಿಕ್ ಕೈಯಲ್ಲಿದೆ. ಎಂಜಿನ್ ವಿಷಯವೂ ಹೀಗೇ. ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳನ್ನು ಮಾಡುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಶನ್ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು, ಹೆಸರು ಬೊಂಬಾರ್ಡಿಯರ್‌ಗೆ ಹೋಯಿತು, 2020ರಲ್ಲಿ ಎವಿನ್‌ರೂಡ್ ತಯಾರಿಕೆಯೂ ನಿಂತಿತು; ಆದರೂ ಆ ಹಳೆಯ ಎರಡು-ಸ್ಟ್ರೋಕ್ ಎಂಜಿನ್‌ಗಳ ಇಂಪೆಲರ್ (ನೀರಿನ ಪಂಪಿನ ರಬ್ಬರ್ ಚಕ್ರ), ಕಾರ್ಬುರೇಟರ್ ಕಿಟ್, ಇಗ್ನಿಷನ್ ಕಾಯಿಲ್ ಬೇರೆಯವರು ಮಾಡಿದ್ದು ಸಿಗುತ್ತದೆ.

ಬೋಟು ಅಮೆರಿಕದ್ದಾಗಿದ್ದು 1972ರ ನವೆಂಬರ್ ನಂತರ ತಯಾರಾಗಿದ್ದರೆ ಟ್ರಾನ್ಸಮ್ಮಿನ ಬಲಮೇಲ್ಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಗುರುತುಸಂಖ್ಯೆ ಇರಬೇಕು. ಮೊದಲ ಮೂರು ತಯಾರಕರ ಸಂಕೇತ. ಅಮೆರಿಕದ ಕೋಸ್ಟ್ ಗಾರ್ಡ್ ಪಟ್ಟಿಯಲ್ಲಿ ಮುಚ್ಚಿದ ಕಂಪನಿಗಳ ಸಂಕೇತಗಳೂ ಇವೆ. ಅದಕ್ಕೂ ಹಿಂದಿನ ಬೋಟಾದರೆ ಡ್ಯಾಶ್‌ಬೋರ್ಡ್ ಹತ್ತಿರದ ಲೋಹದ ಫಲಕವೇ ಗತಿ.

ಕಂಪನಿ ಮುಚ್ಚಿದಾಗ ಅಚ್ಚುಗಳು ಹರಾಜಾಗಿ, ಅದೇ ಒಡಲು ಇನ್ನೊಂದು ಹೆಸರಿನಲ್ಲಿ ಬಂದದ್ದುಂಟು. ಇನ್ನೊಬ್ಬರ ಬೋಟನ್ನೇ ಮಾದರಿಯಾಗಿಟ್ಟು ಅದರ ಮೇಲೆ ಅಚ್ಚು ತೆಗೆಯುವ ಚಾಳಿಯೂ ಇತ್ತು. ಅದನ್ನು ತಡೆಯಲು ಫ್ಲಾರಿಡಾ ಮಾಡಿದ ಕಾನೂನನ್ನು 1989ರಲ್ಲಿ ಬೊನಿಟೊ ಬೋಟ್ಸ್ ಮತ್ತು ಥಂಡರ್ ಕ್ರಾಫ್ಟ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಒಡಲಿನ ವಿನ್ಯಾಸಕ್ಕೆಂದೇ ಕೇಂದ್ರದ ಕಾನೂನು ಬಂದದ್ದು 1998ರಲ್ಲಿ. ನಕಲು ತೆಗೆದವರಿಂದ ನಮಗೊಂದು ಲಾಭ: ನಿಮ್ಮ ಬೋಟಿನ ಅಣ್ಣತಮ್ಮಂದಿರು ಬೇರೆ ಹೆಸರಿನಲ್ಲಿ ಎಲ್ಲೋ ಇದ್ದಾರು. ಗಾಳಿತಡೆ ಗಾಜು, ಡೆಕ್ಕಿನ ಮುಚ್ಚಳದಂಥವಕ್ಕೆ ಅವುಗಳ ಅಳತೆ ಆದೀತು.

ಗಾಜು ಸಿಗಲೇ ಇಲ್ಲವೆಂದರೆ 6 ಮಿ.ಮೀ. ಅಕ್ರಿಲಿಕ್ಕಿನಲ್ಲಿ ಮಾಡಿಸಬೇಕು. ಹಳೆಯದು ಒಡೆದಿದ್ದರೂ ಚೂರುಗಳನ್ನು ಎಸೆಯಬೇಡಿ, ರಟ್ಟಿನ ಮೇಲೆ ಜೋಡಿಸಿ ಗೆರೆ ಎಳೆದುಕೊಳ್ಳಿ. ಅಕ್ರಿಲಿಕ್ ಪ್ರತಿ ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಒಂದೂವರೆ ಮೀಟರ್ ಹಾಳೆ 30 ಡಿಗ್ರಿ ಏರಿಳಿತಕ್ಕೆ 3 ಮಿ.ಮೀ.ಗಿಂತ ಹೆಚ್ಚು ಆಡುತ್ತದೆ. ಆದ್ದರಿಂದ ತೂತು ಸ್ಕ್ರೂಗಿಂತ ದೊಡ್ಡದಿರಲಿ, ರಬ್ಬರ್ ವಾಷರ್ ಇರಲಿ, ತಿರುಪು ಬಿಗಿಯುವಾಗ ಕೈ ಹಿಡಿತದಲ್ಲಿರಲಿ. ಬಿಗಿಯಾಗಿ ಕೂರಿಸಿದ ಗಾಜು ಮೊದಲ ಬೇಸಿಗೆಯಲ್ಲೇ ತೂತಿನಿಂದ ಸೀಳುತ್ತದೆ.

ಬಿಚ್ಚುವ ಮೊದಲು ತೊಟ್ಟಿಲು

ಹೆಚ್ಚಿನವರು ಎಡವುವುದು ಇಲ್ಲೇ. ಒಡಲಿನ ಚಿಪ್ಪು ಬಹಳ ಕಡೆ 4-6 ಮಿ.ಮೀ. ದಪ್ಪವಷ್ಟೇ, ಅದರ ಆಕಾರ ಹಿಡಿದಿರುವುದು ಡೆಕ್ಕು, ನೆಲ, ಸ್ಟ್ರಿಂಗರ್ ಸೇರಿ. ಇವನ್ನು ಒಂದೇ ಸಲ ಕಿತ್ತರೆ ಟ್ರೇಲರಿನ ಎರಡು ರೋಲರ್ ಮೇಲೆ ಕೂತ ಚಿಪ್ಪು ಮೆಲ್ಲಗೆ ಬಾಗುತ್ತದೆ. ಆ ಬಾಗಿದ ಒಡಲಿಗೇ ಹೊಸ ಮರ ಅಂಟಿಸಿದರೆ ಬಾಗು ಕಾಯಂ. ನೀರಿಗಿಳಿಸಿದ ಮೇಲೆ ಬೋಟು ಒಂದು ಕಡೆ ಎಳೆಯುತ್ತದೆ, ಇಲ್ಲವೇ ವೇಗ ಹಿಡಿದಾಗ ಮೂತಿ ಕುಣಿಸುತ್ತದೆ. ನೆಲ ಕತ್ತರಿಸುವ ಮೊದಲು ತಳದ ನಡುಗೆರೆಗೂ ಎರಡು ಬದಿಗಳಿಗೂ ಒಂದು ಮೀಟರಿಗೊಂದರಂತೆ ಮರದ ಆಧಾರ ಕೊಡಿ. ಎರಡೂ ಅಂಚಿನ ನಡುವೆ ಮೂರು ಕಡೆ ಅಡ್ಡಪಟ್ಟಿ ಬಡಿಯಿರಿ. ಮೂತಿಯ ತುದಿಯಿಂದ ಹಿಂದಿನ ಎರಡೂ ಮೂಲೆಗಳ ದೂರ ಅಳೆದು ಗೋಡೆಯ ಮೇಲೆ ಬರೆದಿಡಿ. ಕೆಲಸದ ಪ್ರತಿ ಹಂತದಲ್ಲೂ ಆ ಎರಡು ಅಂಕಿ ಹಾಗೇ ಇರಬೇಕು.

ಎರಡು ಸ್ಟ್ರಿಂಗರನ್ನೂ ಒಟ್ಟಿಗೆ ತೆಗೆಯದೆ ಒಂದನ್ನು ಕೂರಿಸಿ ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಕೈಹಾಕುವುದು ನನಗೆ ಸರಿ ಎನಿಸುವ ದಾರಿ. ನಿಧಾನ, ನಿಜ. ಆದರೆ ಹಳೆಯದರ ಎತ್ತರ, ಜಾಗ ಕಣ್ಣೆದುರೇ ಇರುತ್ತದೆ. ಕೇಳಲು ಕಂಪನಿಯಿಲ್ಲದ ಬೋಟಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

ಟ್ರಾನ್ಸಮ್ ಬದಲಿಸಲು ಒಳಚರ್ಮ ಕತ್ತರಿಸಿ, ಕೊಳೆತದ್ದನ್ನು ಉಳಿ ಹಾಕಿ ಎಬ್ಬಿಸಿ, ಹೊರಚರ್ಮದ ಒಳಮೈಯನ್ನು 36ರಿಂದ 40 ಗ್ರಿಟ್ಟಿನ ಒರಟು ಮರಳುಕಾಗದದಲ್ಲಿ ಉಜ್ಜಿ ಹೊಳಪೆಲ್ಲ ಹೋಗುವಂತೆ ಮಾಡಬೇಕು. ಕಪ್ಪು ಕಲೆ ಉಳಿದ ಕಡೆ ಹೊಸ ಅಂಟು ಹಿಡಿಯುವುದಿಲ್ಲ. ಹೊರಚರ್ಮ ಉಬ್ಬದ ಹಾಗೆ ಹೊರಗಿನಿಂದ ಎರಡು ನೇರ ತೊಲೆ ಕಟ್ಟಿ. ರಟ್ಟಿನಲ್ಲಿ ಮಾದರಿ ಕತ್ತರಿಸಿ ಪ್ಲೈವುಡ್ಡಿಗೆ ಇಳಿಸಿ: 18 ಅಥವಾ 19 ಮಿ.ಮೀ.ನ ಎರಡು ಹಾಳೆ, ಬಿಎಸ್ 1088 ಎಂಬ ಬ್ರಿಟಿಷ್ ಮಾನದಂಡದ ಮರೀನ್ ಪ್ಲೈ ಸಿಕ್ಕರೆ ಒಳ್ಳೆಯದು. ಎರಡೂ ಮೈಗೆ ಮೊದಲು ತೆಳು ಎಪಾಕ್ಸಿ ಬಳಿದು ಹತ್ತು ಹದಿನೈದು ನಿಮಿಷ ಕುಡಿಯಲು ಬಿಡಿ. ಆಮೇಲೆ ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿಯನ್ನು ಹಲ್ಲಿನ ಕರಣೆಯಲ್ಲಿ ಎಳೆದು ಜೋಡಿಸಿ. ಕ್ಲ್ಯಾಂಪನ್ನು ಜೀವ ಹೋಗುವ ಹಾಗೆ ಬಿಗಿಯಬೇಡಿ. ಅಂಟೆಲ್ಲ ಹೊರಗೆ ಬಂದರೆ ಒಳಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಅಂಚಿನುದ್ದಕ್ಕೂ ಒಂದೇ ಸಮ ಸಣ್ಣ ಮಣಿಗಳಂತೆ ಒಸರಿದರೆ ಅಷ್ಟೇ ಸಾಕು.

ಫೈಬರ್ ಬಟ್ಟೆ 90 ಡಿಗ್ರಿ ಮೂಲೆಗೆ ಬಗ್ಗುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ, ಆ ಗಾಳಿಗೂಡಿನಲ್ಲಿ ನೀರು ಮನೆ ಮಾಡುತ್ತದೆ. ಮರ ಒಡಲಿಗೆ ಸೇರುವ ಕಡೆಯೆಲ್ಲ ಗಟ್ಟಿ ಎಪಾಕ್ಸಿಯಿಂದ 15-20 ಮಿ.ಮೀ. ತ್ರಿಜ್ಯದ ಇಳಿಜಾರು ಕಟ್ಟಿ. ಹೆಬ್ಬೆರಳು ಎಳೆದಂತೆ ದುಂಡಗೆ ಬರಬೇಕು. ಅದು ಪೂರ್ತಿ ಗಟ್ಟಿಯಾಗುವ ಮೊದಲೇ, ಉಗುರಿನ ಗುರುತು ಬೀಳುವ ಹದದಲ್ಲಿ, ಮೇಲೆ ಬಟ್ಟೆ ಹಾಸಿ. ಮೊದಲ ಪದರ ಒಡಲಿನ ಕಡೆಗೆ 75 ಮಿ.ಮೀ. ಚಾಚಲಿ, ಮುಂದಿನದು ಇನ್ನೂ 50 ಆಚೆಗೆ. ಎಲ್ಲ ಪದರ ಒಂದೇ ಗೆರೆಯಲ್ಲಿ ನಿಂತರೆ ಅಲ್ಲೇ ಬಿರುಕು. ಸ್ಟ್ರಿಂಗರನ್ನು ಚಿಪ್ಪಿನ ಮೇಲೆ ನೇರವಾಗಿ ಕೂರಿಸದೆ 3-6 ಮಿ.ಮೀ. ಗಟ್ಟಿ ಎಪಾಕ್ಸಿಯ ಹಾಸಿನ ಮೇಲೆ ಕೂರಿಸಿ. ಮರದ ಚೂಪು ಅಂಚು ಒತ್ತುತ್ತಿದ್ದರೆ ಹೊರಗಡೆ ಜೆಲ್‌ಕೋಟಿನ ಮೇಲೆ ಅದರ ಗೆರೆ ಮೂಡುತ್ತದೆ.

ಯಾವ ರೆಸಿನ್

ಫೈಬರ್ ಬಟ್ಟೆಗೆ ಕುಡಿಸಿ ಗಟ್ಟಿಯಾಗಿಸುವ ದ್ರವವೇ ರೆಸಿನ್. ಮೂಲ ಬೋಟು ಪಾಲಿಯೆಸ್ಟರ್ ರೆಸಿನಿನದು, ಅದರಲ್ಲೇ ಮಾಡಬಹುದು, ಅಗ್ಗವೂ ಹೌದು. ಆದರೂ ಹಳೆಯ ಫೈಬರ್, ಹೊಸ ಮರ ಎರಡಕ್ಕೂ ಹಿಡಿಯಬೇಕಾದ ಜಾಗದಲ್ಲಿ ಎಪಾಕ್ಸಿಗೇ ನನ್ನ ಓಟು. ಇವೆರಡರ ನಡತೆ ಬೇರೆ ಬೇರೆ. ಪಾಲಿಯೆಸ್ಟರ್ ಗಟ್ಟಿಯಾಗಲು ಹಾಕುವ ಎಂಇಕೆಪಿ ಎಂಬ ದ್ರವ ತೂಕದ ಶೇ. 1ರಿಂದ 2, ಬಿಸಿಲಿದ್ದರೆ ಕಡಿಮೆ, ತಂಪಿದ್ದರೆ ಹೆಚ್ಚು. ಎಪಾಕ್ಸಿಯ ಅನುಪಾತ ಮಾತ್ರ ಡಬ್ಬದ ಮೇಲೆ ಬರೆದಷ್ಟೇ, 5:1 ಇರಲಿ 2:1 ಇರಲಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಎಂದೂ ಗಟ್ಟಿಯಾಗದ ರಬ್ಬರ್ ಸಿಗುತ್ತದೆ, ಕೆರೆದೇ ತೆಗೆಯಬೇಕು. ಒಂದು ಸಲಕ್ಕೆ 200-300 ಗ್ರಾಂ ಕಲಸಿ ಅಗಲವಾದ ತಟ್ಟೆಗೆ ಸುರಿಯಿರಿ. ಆಳವಾದ ಡಬ್ಬದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ.

ಕತ್ತರಿಸಿದ ಎಳೆಗಳ ಮ್ಯಾಟನ್ನು ಹಿಡಿದಿಡುವ ಅಂಟು ಹೆಚ್ಚಾಗಿ ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟ್ ರಟ್ಟಿನಂತೆ ಸೆಟೆದುಕೊಂಡೇ ಇರುತ್ತದೆ. ಎಪಾಕ್ಸಿಗೆ ಎರಡು ದಿಕ್ಕಿನ ಎಳೆಗಳನ್ನು ಹೊಲಿದು ಸೇರಿಸಿದ ಬೈಯಾಕ್ಸಿಯಲ್ ಬಟ್ಟೆಯೇ ಬೇಕು. 1708 ಎಂದು ಸಿಗುವ ಬಟ್ಟೆ ಚದರ ಮೀಟರಿಗೆ ಸುಮಾರು 850 ಗ್ರಾಂ. ಹೆಚ್ಚೂಕಡಿಮೆ ಅಷ್ಟೇ ತೂಕದ ರೆಸಿನ್ ಕುಡಿಯುತ್ತದೆ. 16 ಅಡಿ ಬೋಟಿನ ಟ್ರಾನ್ಸಮ್ ಒಂದಕ್ಕೆ, ಅಂಟು, ಇಳಿಜಾರು, ಎರಡು ಪದರ ಎಲ್ಲ ಸೇರಿ 4-5 ಕೆ.ಜಿ. ಎಪಾಕ್ಸಿ ಲೆಕ್ಕ ಹಿಡಿಯಿರಿ. ಗಟ್ಟಿಯಾದ ಮೇಲೆ ಮೈಮೇಲೆ ಬರುವ ಜಿಡ್ಡನ್ನು ಬರೀ ನೀರಿನಲ್ಲಿ ತಿಕ್ಕಿ ತೊಳೆದು ಆಮೇಲೆ ಉಜ್ಜಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಒಳಕ್ಕೇ ಹೋಗಿ ಬಣ್ಣ ಹಪ್ಪಳೆ ಏಳುತ್ತದೆ.

ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಕನ್ನಡಕ ಹಾಕದೆ ಡಬ್ಬ ಮುಟ್ಟಬೇಡಿ. ಅದನ್ನು ಕೋಬಾಲ್ಟ್ ವೇಗವರ್ಧಕದ ಜೊತೆ ನೇರವಾಗಿ ಬೆರೆಸಿದರೆ ಸ್ಫೋಟ. ಉಜ್ಜುವಾಗ ದೂಳಿನ ಮಾಸ್ಕು, ರೆಸಿನ್ ಬಳಿಯುವಾಗ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕು. ಬಟ್ಟೆಯ ಮಾಸ್ಕು ಎರಡಕ್ಕೂ ಆಗದು.

ನೆಲದ ಕೆಳಗಿನ ಫೋಮ್ ನೆನೆದಿದ್ದರೆ ಅದನ್ನು ಕಿತ್ತು ಎಸೆದು ಖಾಲಿ ಬಿಡುವವರಿದ್ದಾರೆ. ಇದು ಅಪಾಯ. ಬೋಟು ನೀರು ತುಂಬಿದರೂ ಮುಳುಗದೆ ತೇಲುವುದು ಅದರಿಂದಲೇ. ಲೆಕ್ಕ ಕಷ್ಟವಿಲ್ಲ: ಫೈಬರಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟು, ಹಾಗಾಗಿ 300 ಕೆ.ಜಿ. ಒಡಲು ನೀರೊಳಗೆ 100 ಕೆ.ಜಿ.ಯಷ್ಟೇ ಭಾರ. 90 ಕೆ.ಜಿ. ಎಂಜಿನ್ನಿಗೆ 65, ಬ್ಯಾಟರಿ ಮತ್ತು ಸಾಮಾನಿಗೆ 25, ಹಿಡಿದುಕೊಂಡಿರುವ ಜನಕ್ಕೆಂದು 100 ಇಟ್ಟರೆ 290. ಸುಮಾರು 300 ಲೀಟರ್ ಮುಚ್ಚಿದ ಕೋಶಗಳ ಫೋಮ್ ಬೇಕು. ಒಣಗಿದ್ದಾಗ ಅದರ ತೂಕ 10 ಕೆ.ಜಿ., ನೆನೆದರೆ ನೂರು ದಾಟುತ್ತದೆ. ಕೊಳ್ಳುವಾಗಲೇ ಟ್ರೇಲರ್ ಸಮೇತ ವೇಬ್ರಿಡ್ಜಿನಲ್ಲಿ ತೂಗಿಸಿ ಎನ್ನುವುದು ಇದಕ್ಕೇ. ಹೊಸದನ್ನು ಸುರಿಯುವ ಮೊದಲು ತಳದ ನಡುವೆ ಸೀಳಿದ ಪಿವಿಸಿ ಕೊಳವೆ ಬೋರಲು ಹಾಕಿ ನೀರು ಹಿಂದಕ್ಕೆ ಹರಿಯಲು ದಾರಿ ಬಿಡಿ. ಫೋಮ್ ಹಾಳಾಗುವುದು ನೀರಿಗೆ ಹೋಗಲು ದಾರಿಯಿಲ್ಲದಾಗ.

ಎಂಜಿನ್ ಬಗ್ಗೆ ಚಿಕ್ಕದಾಗಿ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆಯಿರಿ. ಸಿಲಿಂಡರುಗಳ ನಡುವೆ ಶೇ. 10ರೊಳಗಿನ ವ್ಯತ್ಯಾಸ ಸರಿ. 120, 118, 85 ಬಂದರೆ ಮೂರನೆಯದು ಬಿಚ್ಚಲೇಬೇಕು. ಇಂಪೆಲರ್ ನೋಡಲು ಚೆನ್ನಾಗಿದ್ದರೂ ಬದಲಿಸಿ, ರಬ್ಬರ್ ಕೂತಲ್ಲೇ ಸೆಟೆದಿರುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕಿದ್ದರೆ ಸೀಲಿನಿಂದ ನೀರು ನುಗ್ಗಿದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಿಂದ ಹೊರಬರುವ ತನಕ ತುಂಬಬೇಕು; ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಅರ್ಧವೇ ತುಂಬುತ್ತದೆ. 50:1 ಮಿಶ್ರಣವೆಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟಿಸಿ-ಡಬ್ಲ್ಯು3 ದರ್ಜೆಯ ಎರಡು-ಸ್ಟ್ರೋಕ್ ಎಣ್ಣೆ, ಆದರೆ ತುಂಬ ಹಳೆಯವು 24:1 ಕೇಳುತ್ತವೆ, ಎಂಜಿನ್ ಮೇಲಿನ ಫಲಕ ಹೇಳಿದ್ದೇ ಅಂತಿಮ. ಇಂಧನದ ಹಳೆಯ ಪೈಪು, ಪಂಪಿನ ಪೊರೆ ಎಥನಾಲ್ ತಡೆಯವು. ವೈರಿಂಗಿಗೆ ತವರ ಬಳಿದ ತಾಮ್ರದ ತಂತಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್. ಎಂಜಿನ್ ಕೂರಿಸುವಾಗ ಪ್ರೊಪೆಲರಿನ ಮೇಲಿನ ಅಗಲ ತಟ್ಟೆ ಒಡಲಿನ ತಳಕ್ಕೆ ಸಮ ಇರಲಿ, ಇಲ್ಲವೇ 25 ಮಿ.ಮೀ. ಮೇಲಕ್ಕೆ. ಟ್ರಾನ್ಸಮ್ ಎತ್ತರ 15, 20, 25 ಇಂಚು ಎಂದು ಬರುತ್ತದೆ. ಎಂಜಿನ್ ಶಾಫ್ಟ್ ಅದಕ್ಕೆ ಹೊಂದಬೇಕು.

ಇನ್ನು ತೂತು. ಇಷ್ಟೆಲ್ಲ ಮಾಡಿ, ಕೊನೆಗೆ ಕ್ಲೀಟ್ ಕೂರಿಸುವಾಗ ಡ್ರಿಲ್ ಹಿಡಿದು ನೇರ ಮರಕ್ಕೆ ಕೊರೆದರೆ ಹೊಸ ಪ್ಲೈವುಡ್ಡಿಗೂ ಹಳೆಯದರ ಗತಿಯೇ. 5 ಮಿ.ಮೀ. ಸ್ಕ್ರೂಗೆ ಮೊದಲು 10 ಮಿ.ಮೀ. ತೂತು ಕೊರೆದು, ಗೋಡೆಗೆ ತೆಳು ಎಪಾಕ್ಸಿ ಬಳಿದು, ಗಟ್ಟಿ ಎಪಾಕ್ಸಿ ತುಂಬಿ, ಮಾರನೆಯ ದಿನ ಅದರ ನಟ್ಟನಡುವೆ ಮತ್ತೆ ಕೊರೆಯಬೇಕು. ಸ್ಕ್ರೂ ಕಚ್ಚುವುದು ಎಪಾಕ್ಸಿಯನ್ನು. ನೀರು ಇಳಿದರೂ ಮರ ಸಿಗುವುದಿಲ್ಲ. ಮೇಲೆ ಸೀಲೆಂಟ್ ಬೇಕೇ ಬೇಕು. ಮತ್ತೆ ಬಿಚ್ಚಬೇಕಾದ್ದಕ್ಕೆ 3ಎಂನ 5200 ಹಾಕಬೇಡಿ, ಬಿಚ್ಚುವಾಗ ಜೆಲ್‌ಕೋಟನ್ನೂ ಕಿತ್ತುಕೊಂಡು ಬರುತ್ತದೆ, 4200 ಸಾಕು. ಪಾಲಿಸಲ್ಫೈಡ್ ಸೀಲೆಂಟ್ ಒಳ್ಳೆಯದೇ, ಅಕ್ರಿಲಿಕ್ ಗಾಜಿನ ಹತ್ತಿರ ಮಾತ್ರ ಬೇಡ. ಸಿಲಿಕೋನ್ ತಾಗಿದ ಮೈಗೆ ಮುಂದೆ ಬಣ್ಣ ಹಿಡಿಯುವುದಿಲ್ಲ.

ಹೊಳಪು ಕೊನೆಯ ಕೆಲಸ. ಜೆಲ್‌ಕೋಟಿನ ದಪ್ಪ ಅರ್ಧ ಮಿ.ಮೀ.; ಹಿಂದಿನವರು ಎಷ್ಟು ಉಜ್ಜಿದ್ದಾರೋ ಗೊತ್ತಿಲ್ಲ. 1000 ಗ್ರಿಟ್ಟಿನಿಂದ ನೀರು ಹಾಕಿ ಶುರುಮಾಡಿ, ಸಾಲದಿದ್ದರಷ್ಟೇ 800, 600ಕ್ಕೆ ಇಳಿಯಿರಿ. ಬಣ್ಣದೊಳಗಿಂದ ಫೈಬರಿನ ಎಳೆ ನೆರಳಿನಂತೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಎಪಾಕ್ಸಿ ಹಾಕಿದ ಕಡೆ ಜೆಲ್‌ಕೋಟಿಗಿಂತ ಎರಡು ಡಬ್ಬದ್ದನ್ನು ಬೆರೆಸಿ ಬಳಿಯುವ ಪಾಲಿಯುರೆಥೇನ್ ಬಣ್ಣ ಸರಿ. ಅದರಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಸ್ಪ್ರೇ ಬೇಡ, ರೋಲರ್ ಎಳೆದು ಹಿಂದೆಯೇ ಒಣ ಕುಂಚದ ತುದಿ ಸವರಿದರೆ ಗೆರೆ ಕಾಣುವುದಿಲ್ಲ.

ಎಷ್ಟು ಮುಚ್ಚಿದರೂ ಟ್ರಾನ್ಸಮ್ಮಿನಲ್ಲಿ ಒಂದು ತೂತು ಬೇಕೇ ಬೇಕು, ನೀರು ಬಸಿಯುವ ಪ್ಲಗ್ಗಿನದು. ಅದರೊಳಗಿನ ಹಿತ್ತಾಳೆ ಕೊಳವೆ ಸವೆದು ಸೀಳಿ, ಮರ ಕೊಳೆಯಲು ಎಷ್ಟೋ ಬೋಟುಗಳಲ್ಲಿ ಅಲ್ಲಿಂದಲೇ ಶುರುವಾಗುತ್ತದೆ. ಕೊಳವೆ ಹೊಸದಿರಲಿ, ತೂತಿನ ಗೋಡೆಗೆ ಮೂರು ಕೈ ಎಪಾಕ್ಸಿ ಇರಲಿ. ಮೊದಲ ಸಲ ನೀರಿಗಿಳಿಸಿದಾಗ ಬೋಟನ್ನು ಟ್ರೇಲರಿಗೆ ಕಟ್ಟಿಯೇ ಹತ್ತು ನಿಮಿಷ ತೇಲಿಸಿ, ಒಳಮೂಲೆಗಳನ್ನು ಒಣ ಕಾಗದದಿಂದ ಒತ್ತಿ ನೋಡಿ. ಸುತ್ತಾಡಿ ಬಂದ ಮೇಲೆ ಮೂತಿ ಎತ್ತಿ, ಪ್ಲಗ್ ಕಿತ್ತು, ಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಳೆದು, ತಾರೀಖು ಹಾಕಿ ಬರೆದಿಡಿ. ಮುಂದಿನ ಸಲ ಅದಕ್ಕಿಂತ ಹೆಚ್ಚು ಬಂದರೆ ಹುಡುಕುವುದು ಅಲ್ಲಿಂದ.